ಪಟ್ಟಿಯ ಅಂಶಗಳ ಅಸಿಂಕ್ರೋನಸ್ ಪರೀಕ್ಷೆ ತಪ್ಪು ಉತ್ತರ ಕೊಟ್ಟಾಗ: ದೋಷ ನಿವಾರಣೆ ಕೈಪಿಡಿ

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ಪುಟಚಿತ್ರಗಳನ್ನು ಒಟ್ಟುಗೂಡಿಸಿ ಪಿಡಿಎಫ್ ಮಾಡುವ ಒಂದು ಸಣ್ಣ ನೋಡ್ (ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಸ್ಕ್ರಿಪ್ಟ್ ನನ್ನ ಬಳಿ ಇದೆ. ಪಿಡಿಎಫ್ ಕಟ್ಟುವ ಮೊದಲು ಅದು ಪುಟಗಳ ಪಟ್ಟಿಯನ್ನು ಹಿಡಿದು, ಪ್ರತಿ ಪುಟದ ಚಿತ್ರದ ಫೈಲ್ ಡಿಸ್ಕಿನಲ್ಲಿ ಇದೆಯೆ, ಇದ್ದರೆ ಅದರ ಗಾತ್ರ ಸೊನ್ನೆಗಿಂತ ಹೆಚ್ಚಿದೆಯೆ ಎಂದು ನೋಡಬೇಕು. ಎಲ್ಲ ಪುಟಗಳೂ ತೇರ್ಗಡೆಯಾದರೆ ಮಾತ್ರ ಮುಂದಿನ ಕೆಲಸ. 312 ಪುಟಗಳ ಒಂದು ಪುಸ್ತಕದಲ್ಲಿ 47ನೆಯ ಪುಟದ ಫೈಲೇ ಇರಲಿಲ್ಲ. ಆದರೂ ಸ್ಕ್ರಿಪ್ಟ್ ‘ಎಲ್ಲ ಪುಟಗಳೂ ಸರಿಯಾಗಿವೆ’ ಎಂದು ಮುದ್ರಿಸಿ ಮುಂದೆ ಹೋಯಿತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಪಿಡಿಎಫ್‌ನಲ್ಲಿ 46ರ ನಂತರ 48. ಓದುತ್ತಾ ಕುಳಿತವರಿಗೆ ವಾಕ್ಯದ ನಡುವೆ ಕಥೆ ತುಂಡಾದಾಗಲೇ ಅದು ಬೆಳಕಿಗೆ ಬಂದದ್ದು.

ಆ ದೋಷವನ್ನೂ, ಆಮೇಲೆ ಅದೇ ಸ್ಕ್ರಿಪ್ಟನ್ನು ಬೇರೆ ಬೇರೆ ರೀತಿಯಲ್ಲಿ ತಿದ್ದುವಾಗ ಎದುರಾದ ಅದರ ಬಂಧುಬಳಗವನ್ನೂ ಇಲ್ಲಿ ಲಕ್ಷಣದಿಂದ ಕಾರಣದ ಕಡೆಗೆ ಹೋಗುವ ಕ್ರಮದಲ್ಲಿ ಬರೆದಿದ್ದೇನೆ. ಅಸಿಂಕ್ರೋನಸ್ ಪರೀಕ್ಷೆ ಎಂದರೆ ಉತ್ತರ ಕೂಡಲೇ ಬಾರದೆ ಆಮೇಲೆ ಬರುವ ಪರೀಕ್ಷೆ. ಇಂಥ ಸಂದರ್ಭದಲ್ಲಿ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಪ್ರತಿ ಅಂಶಕ್ಕೂ ಹೌದು ಅಥವಾ ಇಲ್ಲ ಎಂದು ಹೇಳುವ ಪರೀಕ್ಷಕ ಫಂಕ್ಷನ್ ತನ್ನ ಉತ್ತರವನ್ನು ಯಾವ ದಾರಿಯಲ್ಲಿ ಕಳಿಸುತ್ತಿದೆ, ಅದನ್ನು ಕರೆದ ಕೋಡ್ ಯಾವ ದಾರಿಯಲ್ಲಿ ಕಾಯುತ್ತಿದೆ? ಜಾವಾಸ್ಕ್ರಿಪ್ಟ್‌ನಲ್ಲಿ ಉತ್ತರ ಬರಲು ಮುಖ್ಯವಾಗಿ ನಾಲ್ಕು ದಾರಿಗಳಿವೆ: ನೇರ ರಿಟರ್ನ್ ಮೌಲ್ಯ, ಕಾಲ್‌ಬ್ಯಾಕ್‌ನ (ಕೆಲಸ ಮುಗಿದಾಗ ಕರೆಯಲೆಂದು ಕೊಟ್ಟ ಫಂಕ್ಷನ್ನಿನ) ಮೊದಲ ಆರ್ಗ್ಯುಮೆಂಟ್, ಕಾಲ್‌ಬ್ಯಾಕ್‌ನ ಎರಡನೆಯ ಆರ್ಗ್ಯುಮೆಂಟ್, ಮತ್ತು ಪ್ರಾಮಿಸ್, ಎಂದರೆ ಮುಂದೆ ಬರಲಿರುವ ಉತ್ತರವನ್ನು ಹೊರುವ ಆಬ್ಜೆಕ್ಟ್. ಒಬ್ಬರು ಮುಂಬಾಗಿಲಲ್ಲಿ ಕಾಯುತ್ತಿರುವಾಗ ಇನ್ನೊಬ್ಬರು ಹಿತ್ತಲ ಬಾಗಿಲಿಂದ ಬಂದು ಹೋದಂತೆ, ಈ ದಾರಿಗಳು ತಪ್ಪಿದಾಗ ಕೋಡ್ ಮುರಿದು ಬೀಳುವುದಿಲ್ಲ. ತಪ್ಪು ಉತ್ತರವನ್ನು ಪೂರ್ತಿ ಆತ್ಮವಿಶ್ವಾಸದಿಂದ ಕೊಡುತ್ತದೆ.

ಉತ್ತರ ಸದಾ ‘ಹೌದು’ ಎಂದೇ ಬಂದರೆ

ಎಲ್ಲ ಅಂಶಗಳೂ ತೇರ್ಗಡೆಯೆ ಎಂದು ನೋಡುವ, ಅರೇಯ (ಪಟ್ಟಿಯ) ಎವ್ರಿ ವಿಧಾನ ಯಾವಾಗಲೂ ಟ್ರೂ (ಹೌದು) ಕೊಡುತ್ತಿದ್ದರೆ, ಫಿಲ್ಟರ್ ಒಂದು ಅಂಶವನ್ನೂ ಬಿಡದೆ ಇಡೀ ಪಟ್ಟಿಯನ್ನು ಹಾಗೆಯೇ ಮರಳಿಸುತ್ತಿದ್ದರೆ, ಫೈಂಡ್ ಪ್ರತಿ ಸಲವೂ ಮೊದಲನೆಯ ಅಂಶವನ್ನೇ ಹಿಡಿದು ತರುತ್ತಿದ್ದರೆ, ಅವುಗಳಿಗೆ ಕೊಟ್ಟ ಪರೀಕ್ಷಕ ಫಂಕ್ಷನ್‌ನ ಮುಂದೆ, ಅದು ಪ್ರಾಮಿಸ್ ಮರಳಿಸುವಂತೆ ಮಾಡುವ ಅಸಿಂಕ್ ಎಂಬ ಪದ ಇದೆಯೆ ಎಂದು ನೋಡಬೇಕು. ನನ್ನ ಸ್ಕ್ರಿಪ್ಟ್‌ನಲ್ಲಿ ಇದ್ದದ್ದು ಅದೇ.

ದೃಢಪಡಿಸಿಕೊಳ್ಳುವುದು ಸುಲಭ. ಮೊದಲು ಪಟ್ಟಿಯ ಉದ್ದವನ್ನು ಮುದ್ರಿಸಿ. ಖಾಲಿ ಪಟ್ಟಿಯ ಮೇಲೆ ಎವ್ರಿ ಕೊಡುವ ಉತ್ತರ ಟ್ರೂ, ಸಮ್ (ಒಂದಾದರೂ ತೇರ್ಗಡೆಯೆ ಎಂದು ನೋಡುವ ವಿಧಾನ) ಕೊಡುವ ಉತ್ತರ ಫಾಲ್ಸ್. ಇದು ದೋಷವಲ್ಲ, ಭಾಷೆಯ ನಿಯಮ. ಹಾಗಾಗಿ ಪಟ್ಟಿ ಖಾಲಿಯಾಗಿಲ್ಲ ಎಂದು ಖಚಿತವಾಗುವ ತನಕ ಪರೀಕ್ಷಕ ಫಂಕ್ಷನ್ ಮೇಲೆ ಅನುಮಾನ ಪಡುವುದರಲ್ಲಿ ಅರ್ಥವಿಲ್ಲ. ಆಮೇಲೆ ಪರೀಕ್ಷಕ ಫಂಕ್ಷನ್‌ನ ಒಳಗಿನದೆಲ್ಲವನ್ನೂ ತೆಗೆದು, ಬರಿದೇ ಫಾಲ್ಸ್ ಮರಳಿಸುವಂತೆ ಮಾಡಿ. ಅಸಿಂಕ್ ಪದವನ್ನು ಮಾತ್ರ ಇದ್ದ ಹಾಗೆಯೇ ಬಿಡಿ. ಈಗಲೂ ಎವ್ರಿ ಟ್ರೂ ಎಂದರೆ ರೋಗ ಪತ್ತೆಯಾದಂತೆ. ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಆ ಫಂಕ್ಷನ್ ಅನ್ನು ಒಂದೇ ಒಂದು ಪುಟಕ್ಕೆ ನೇರವಾಗಿ ಕರೆದು, ಬಂದದ್ದನ್ನು ಕನ್ಸೋಲ್‌ಗೆ ಮುದ್ರಿಸಿ. ಒಳಗೆ ಅವೇಟ್ (ಪ್ರಾಮಿಸ್‌ನ ಉತ್ತರಕ್ಕೆ ಕಾಯುವ ಪದ) ಇದ್ದರೆ ‘ಪ್ರಾಮಿಸ್’ ಎಂಬ ಹೆಸರಿನ ಪಕ್ಕದ ಆವರಣದೊಳಗೆ ‘ಪೆಂಡಿಂಗ್’ ಎಂದು ಕಾಣುತ್ತದೆ. ಅವೇಟ್ ಇಲ್ಲದೆ ಫಾಲ್ಸ್ ಮರಳಿಸಿದ್ದರೆ ಅದೇ ಆವರಣದೊಳಗೆ ‘ಫಾಲ್ಸ್’ ಎಂದು ಕಾಣುತ್ತದೆ. ಎರಡೂ ಸಂದರ್ಭದಲ್ಲಿ ಕೈಗೆ ಬಂದದ್ದು ಫಾಲ್ಸ್ ಅಲ್ಲ, ಫಾಲ್ಸ್ ಅನ್ನು ಹೊತ್ತ ಅಥವಾ ಮುಂದೆ ಹೊರಲಿರುವ ಒಂದು ಆಬ್ಜೆಕ್ಟ್.

ಕಾರಣ ಅಲ್ಲೇ ಇದೆ. ಎವ್ರಿ, ಸಮ್, ಫಿಲ್ಟರ್‌ಗಳು ಭಾಷೆಯ ಮಾನಕಕ್ಕೆ ಬಂದದ್ದು 2009ರ ಇಎಸ್5 ಆವೃತ್ತಿಯಲ್ಲಿ. ಪ್ರಾಮಿಸ್ ಬಂದದ್ದು 2015ರಲ್ಲಿ, ಅಸಿಂಕ್ ಫಂಕ್ಷನ್ 2017ರಲ್ಲಿ. ಹಳೆಯ ವಿಧಾನಗಳಿಗೆ ಕಾಯುವುದು ಗೊತ್ತಿಲ್ಲ. ಪರೀಕ್ಷಕ ಫಂಕ್ಷನ್ ಕೊಟ್ಟ ಮೌಲ್ಯವನ್ನು ಆ ಕ್ಷಣದಲ್ಲೇ ‘ನಿಜವೋ ಸುಳ್ಳೋ’ ಎಂದು ತೂಗಿ ನೋಡುತ್ತವೆ, ಮತ್ತು ಜಾವಾಸ್ಕ್ರಿಪ್ಟ್‌ನ ತಕ್ಕಡಿಯಲ್ಲಿ ಯಾವುದೇ ಪ್ರಾಮಿಸ್ ಆಬ್ಜೆಕ್ಟ್, ಅದರ ಹೊಟ್ಟೆಯೊಳಗೆ ಏನೇ ಇರಲಿ, ನಿಜದ ಕಡೆಗೇ ವಾಲುತ್ತದೆ. ಫಂಕ್ಷನ್ ಎಷ್ಟು ಸಲ ಕರೆಯಲ್ಪಟ್ಟಿತು ಎಂದು ಎಣಿಸಿದರೆ ಇದಕ್ಕೆ ಇನ್ನೊಂದು ಸಾಕ್ಷಿ ಸಿಗುತ್ತದೆ: ನನ್ನ ಪುಸ್ತಕದ ಮೇಲೆ ಎವ್ರಿ ಅದನ್ನು 312 ಸಲವೂ ಕರೆಯಿತು, ಸಮ್ ಒಂದೇ ಸಲ ಕರೆದು ನಿಲ್ಲಿಸಿತು. ಮೊದಲ ಪ್ರಾಮಿಸ್ ಕೈಗೆ ಸಿಕ್ಕ ಕೂಡಲೇ ಸಮ್‌ಗೆ ‘ಒಂದು ಹೌದು ಸಿಕ್ಕಿತು’ ಎಂಬ ತೃಪ್ತಿ.

ಜಾವಾಸ್ಕ್ರಿಪ್ಟ್‌ಗೆ ಟೈಪ್ ತಪಾಸಣೆ ಸೇರಿಸುವ ಟೈಪ್‌ಸ್ಕ್ರಿಪ್ಟ್ ಬಳಸುವವರು ‘ಇದನ್ನು ಕಂಪೈಲರ್ ಹಿಡಿಯಬೇಕಲ್ಲ’ ಎಂದುಕೊಳ್ಳಬಹುದು. ಹಿಡಿಯುವುದಿಲ್ಲ. ಅದರ ಅಂತರ್ಗತ ಟೈಪ್ ಘೋಷಣೆಗಳಲ್ಲಿ ಈ ವಿಧಾನಗಳ ಪರೀಕ್ಷಕ ಫಂಕ್ಷನ್ ಬೂಲಿಯನ್ (ಟ್ರೂ ಅಥವಾ ಫಾಲ್ಸ್) ಅನ್ನೇ ಮರಳಿಸಬೇಕೆಂಬ ಕಟ್ಟಳೆ ಇಲ್ಲ. ರಿಟರ್ನ್ ಟೈಪ್ ‘ಅನ್‌ನೋನ್’ ಎಂದಿದೆ, ಹಾಗಾಗಿ ಬೂಲಿಯನ್‌ನ ಪ್ರಾಮಿಸ್ ಕೂಡ ತಡೆಯಿಲ್ಲದೆ ಒಳಗೆ ಹೋಗುತ್ತದೆ.

ನೋಡ್‌ನ ಆವೃತ್ತಿಯೂ ಇಲ್ಲಿ ಕಣ್ಕಟ್ಟು ಮಾಡುತ್ತದೆ. ಇಲ್ಲದ ಫೈಲ್‌ಗೆ ಸ್ಟ್ಯಾಟ್ (ಗಾತ್ರ ಮುಂತಾದ ವಿವರ ಕೇಳುವ ಕರೆ) ಮಾಡಿದರೆ ಪ್ರಾಮಿಸ್ ರಿಜೆಕ್ಟ್ ಆಗುತ್ತದೆ, ಎಂದರೆ ಎರರ್‌ನೊಂದಿಗೆ ಮುಗಿಯುತ್ತದೆ, ಎವ್ರಿ ಆ ಪ್ರಾಮಿಸನ್ನು ಎಸೆದುಬಿಟ್ಟಿರುವುದರಿಂದ ಅದನ್ನು ಹಿಡಿಯುವವರು ಯಾರೂ ಇರುವುದಿಲ್ಲ. ನೋಡ್ 15ರಿಂದ ಈಚೆಗೆ, 2020ರ ನಂತರ, ಹೀಗೆ ಅನಾಥವಾದ ರಿಜೆಕ್ಷನ್ ಇಡೀ ಪ್ರಕ್ರಿಯೆಯನ್ನೇ ಬೀಳಿಸುತ್ತದೆ. ಅದಕ್ಕೂ ಹಿಂದೆ ಒಂದು ಎಚ್ಚರಿಕೆಯ ಸಾಲು ಬಂದು ಹೋಗುತ್ತಿತ್ತು. ನನ್ನ ಪರೀಕ್ಷಕ ಫಂಕ್ಷನ್ ಎಲ್ಲ ಎರರ್‌ಗಳನ್ನೂ ಒಳಗೇ ಹಿಡಿದು ಫಾಲ್ಸ್ ಮರಳಿಸುತ್ತಿತ್ತು. ಆದ್ದರಿಂದ ಬೀಳುವ ಭಾಗ್ಯವೂ ಅದಕ್ಕೆ ಸಿಗಲಿಲ್ಲ.

ಪರಿಹಾರಕ್ಕೆ ಎರಡು ದಾರಿಗಳಿವೆ. ಒಂದು, ಮ್ಯಾಪ್ ವಿಧಾನದಿಂದ ಪ್ರತಿ ಅಂಶಕ್ಕೂ ಒಂದು ಪ್ರಾಮಿಸ್ ಪಡೆದು, ಪ್ರಾಮಿಸ್ ಆಲ್ ಮೂಲಕ ಎಲ್ಲ ಉತ್ತರಗಳಿಗೂ ಕಾದು, ಬಂದ ಉತ್ತರಗಳ ಅರೇಯನ್ನು ಮೂಲ ಪಟ್ಟಿಯ ಸೂಚ್ಯಂಕಗಳಿಗೆ ಹೊಂದಿಸಿ ಸಾಮಾನ್ಯ ಫಿಲ್ಟರ್ ನಡೆಸುವುದು. ಪ್ರಾಮಿಸ್ ಆಲ್ ಉತ್ತರಗಳನ್ನು ಕೊಟ್ಟ ಕ್ರಮದಲ್ಲೇ ಮರಳಿಸುವುದರಿಂದ ಸೂಚ್ಯಂಕಗಳು ತಪ್ಪುವುದಿಲ್ಲ. ಇನ್ನೊಂದು, ಫಾರ್ ಆಫ್ ಲೂಪ್‌ನ ಒಳಗೆ ಅವೇಟ್ ಇಟ್ಟು, ಮೊದಲ ಫಾಲ್ಸ್ ಸಿಕ್ಕ ಕೂಡಲೇ ಹೊರಬರುವುದು. ಎರಡನೆಯದು ಹಳ್ಳಿಗಾಡಿನ ರೀತಿ ಎಂದು ಕೆಲವರು ಮೂಗು ಮುರಿಯುತ್ತಾರೆ, ಆದರೆ 312 ಸ್ಥಳೀಯ ಫೈಲ್‌ಗಳಿಗೆ ಅದು ಧಾರಾಳವಾಗಿ ಸಾಕು, ಮತ್ತು ಆರು ತಿಂಗಳ ನಂತರ ಓದಿದಾಗಲೂ ಅರ್ಥವಾಗುತ್ತದೆ. ನಾನು ಉಳಿಸಿಕೊಂಡದ್ದು ಅದನ್ನೇ.

ಯಾವ ದಾರಿ ಹಿಡಿದರೂ ‘ಇಲ್ಲ’ ಮತ್ತು ‘ಗೊತ್ತಾಗಲಿಲ್ಲ’ ಇವೆರಡನ್ನು ಬೇರೆ ಇಡಬೇಕು. ಫೈಲ್ ಸಿಗಲಿಲ್ಲ ಎನ್ನುವ ಇನೋಎಂಟ್ ಎರರ್ ಬಂದರೆ ಅದನ್ನು ಫಾಲ್ಸ್ ಆಗಿ ಬದಲಿಸುವುದು ಸರಿ. ಅದು ನಾವು ಕೇಳಿದ ಪ್ರಶ್ನೆಗೆ ಉತ್ತರ. ಅನುಮತಿ ಇಲ್ಲ ಎನ್ನುವ ಇಎಕ್ಸೆಸ್ ಬಂದರೆ ಅದನ್ನೂ ಫಾಲ್ಸ್ ಮಾಡುವುದು ತಪ್ಪು. ಹಾಗೆ ಮಾಡಿದ ಒಂದು ಸಂಜೆ, ಇದ್ದ ಫೈಲನ್ನೇ ‘ಇಲ್ಲ’ ಎಂದು ವರದಿ ಮಾಡಿಸಿಕೊಂಡು, ಬ್ಯಾಕಪ್ ಡಿಸ್ಕನ್ನೆಲ್ಲ ಜಾಲಾಡಿದ್ದೇನೆ. ಫೋಲ್ಡರ್‌ನ ಮಾಲೀಕತ್ವ ಬೇರೆ ಬಳಕೆದಾರನ ಹೆಸರಿನಲ್ಲಿತ್ತು, ಅಷ್ಟೆ.

ಉತ್ತರ ಸದಾ ‘ಇಲ್ಲ’ ಎಂದೇ ಬಂದರೆ

ಇದು ಮೇಲಿನದರ ಕನ್ನಡಿ ಬಿಂಬ. ಫಿಲ್ಟರ್ ಖಾಲಿ ಪಟ್ಟಿ ಕೊಡುತ್ತದೆ, ಎವ್ರಿ ಒಂದೇ ಸಲ ಪರೀಕ್ಷಕ ಫಂಕ್ಷನ್ ಕರೆದು ಫಾಲ್ಸ್ ಎನ್ನುತ್ತದೆ. ಇಲ್ಲಿ ಅಸಿಂಕ್ ಪದ ಇರುವುದಿಲ್ಲ. ಬದಲಿಗೆ ಪರೀಕ್ಷಕ ಫಂಕ್ಷನ್‌ನ ಒಳಗೆ ನೋಡ್‌ನ ಫೈಲ್ ಮಾಡ್ಯೂಲ್ ಆದ ಎಫ್‌ಎಸ್‌ನ ಸ್ಟ್ಯಾಟ್‌ನಂಥ ಕಾಲ್‌ಬ್ಯಾಕ್ ಶೈಲಿಯ ಕರೆ ಇರುತ್ತದೆ, ಮತ್ತು ರಿಟರ್ನ್ ಹೇಳಿಕೆ ಆ ಒಳಗಿನ ಕಾಲ್‌ಬ್ಯಾಕ್‌ನಲ್ಲಿ ಕುಳಿತಿರುತ್ತದೆ. ಒಳಗಿನ ಫಂಕ್ಷನ್ ಮರಳಿಸಿದ ಟ್ರೂ ಸ್ಟ್ಯಾಟ್‌ನ ಕೈಗೆ ಹೋಗುತ್ತದೆ, ಸ್ಟ್ಯಾಟ್‌ಗೆ ಅದು ಬೇಕಾಗಿಲ್ಲ. ಹೊರಗಿನ ಫಂಕ್ಷನ್ ಏನನ್ನೂ ಮರಳಿಸದೆ ಮುಗಿದಿರುವುದರಿಂದ ಎವ್ರಿಗೆ ಸಿಗುವುದು ಅನ್‌ಡಿಫೈನ್ಡ್, ಎಂದರೆ ‘ಮೌಲ್ಯವೇ ಇಲ್ಲ’. ಅದು ಸುಳ್ಳಿನ ಕಡೆಗೆ ತೂಗುತ್ತದೆ.

ಹಾಗಾಗಿ ಈ ಎರಡು ಲಕ್ಷಣಗಳನ್ನು ಜೋಡಿಯಾಗಿ ನೆನಪಿಟ್ಟುಕೊಂಡರೆ ಕೋಡ್ ತೆರೆಯುವ ಮೊದಲೇ ಅರ್ಧ ನಿದಾನ ಆಗಿಹೋಗುತ್ತದೆ: ಸದಾ ಹೌದು ಎಂದರೆ ಪ್ರಾಮಿಸ್, ಸದಾ ಇಲ್ಲ ಎಂದರೆ ಒಳಮನೆಯಲ್ಲೇ ಉಳಿದ ರಿಟರ್ನ್. ಇಂಥ ಕಾಲ್‌ಬ್ಯಾಕ್ ಶೈಲಿಯ ಪರೀಕ್ಷೆಗೆ ಅರೇಯ ಸ್ವಂತ ವಿಧಾನಗಳು ಹೊಂದುವುದೇ ಇಲ್ಲ. ಒಂದೋ ಎಫ್‌ಎಸ್‌ನ ಪ್ರಾಮಿಸ್ ರೂಪಕ್ಕೆ ಹೋಗಬೇಕು, ಇಲ್ಲವೇ ಕಾಲ್‌ಬ್ಯಾಕ್‌ಗಾಗಿಯೇ ಬರೆದ ಲೈಬ್ರರಿಯನ್ನು ತರಬೇಕು.

ಎರರ್ ಬರಬೇಕಾದ ಜಾಗದಲ್ಲಿ ‘ಟ್ರೂ’ ಬಂದರೆ

ಅಂಥ ಲೈಬ್ರರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಸಿಂಕ್ ಎಂಬ ಹೆಸರಿನದೇ. ಹೆಸರು ಭಾಷೆಯ ಪದದೊಂದಿಗೆ ಬೆರೆಯುವುದರಿಂದ ಇಲ್ಲಿ ಅದನ್ನು ಅಸಿಂಕ್ ಲೈಬ್ರರಿ ಎಂದೇ ಕರೆಯುತ್ತೇನೆ. ಎವ್ರಿ, ಸಮ್, ಫಿಲ್ಟರ್, ರಿಜೆಕ್ಟ್ (ತೇರ್ಗಡೆಯಾಗದವನ್ನು ಉಳಿಸಿಕೊಳ್ಳುವುದು), ಡಿಟೆಕ್ಟ್ ಎಂಬ ಫಂಕ್ಷನ್‌ಗಳು ಅದರಲ್ಲಿವೆ. ಪ್ರತಿಯೊಂದೂ ಪಟ್ಟಿ, ಪರೀಕ್ಷಕ ಫಂಕ್ಷನ್, ಅಂತಿಮ ಕಾಲ್‌ಬ್ಯಾಕ್ ಎಂಬ ಮೂರನ್ನು ತೆಗೆದುಕೊಳ್ಳುತ್ತದೆ. ಪರೀಕ್ಷಕ ಫಂಕ್ಷನ್‌ಗೆ ಅಂಶದ ಜೊತೆಗೆ ಒಂದು ಕಾಲ್‌ಬ್ಯಾಕ್ ಸಿಗುತ್ತದೆ, ಉತ್ತರವನ್ನು ಅದರ ಮೂಲಕ ಹೇಳಬೇಕು.

ಹೇಗೆ ಹೇಳಬೇಕು ಎಂಬುದೇ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ, ಮತ್ತು ನಾನು ಕಂಡ ದೋಷಗಳಲ್ಲಿ ಅತ್ಯಂತ ವಿಚಿತ್ರವಾದವು ಹುಟ್ಟಿದ್ದು ಅಲ್ಲಿಂದ. 1ನೆಯ ಸರಣಿಯಲ್ಲಿ ಈ ಪರೀಕ್ಷೆಗಳ ಕಾಲ್‌ಬ್ಯಾಕ್‌ಗೆ ಒಂದೇ ಆರ್ಗ್ಯುಮೆಂಟ್ ಇತ್ತು: ಟ್ರೂ ಅಥವಾ ಫಾಲ್ಸ್. ಎರರ್ ಹೇಳಲು ಜಾಗವೇ ಇರಲಿಲ್ಲ. ಈ ರೂಪ ನೋಡ್‌ನ ಎಫ್‌ಎಸ್ ಎಕ್ಸಿಸ್ಟ್ಸ್ ಫಂಕ್ಷನ್‌ಗೆ ಅಚ್ಚುಕಟ್ಟಾಗಿ ಹೊಂದುತ್ತಿತ್ತು, ಏಕೆಂದರೆ ಎಕ್ಸಿಸ್ಟ್ಸ್ ಕೂಡ ತನ್ನ ಕಾಲ್‌ಬ್ಯಾಕ್‌ಗೆ ಎರರ್ ಕೊಡದೆ ಬರೀ ಬೂಲಿಯನ್ ಕೊಡುವ ಅಪವಾದ. ಹೀಗಾಗಿ ಫೈಲ್ ಹೆಸರುಗಳ ಪಟ್ಟಿಯನ್ನೂ ಎಕ್ಸಿಸ್ಟ್ಸ್ ಫಂಕ್ಷನ್ನನ್ನೂ ನೇರವಾಗಿ ಫಿಲ್ಟರ್‌ಗೆ ಕೊಡುವ ಸಾಲುಗಳು ಆ ಕಾಲದ ಕೋಡ್‌ನಲ್ಲಿ ಎಲ್ಲೆಡೆ ಸಿಗುತ್ತವೆ. 2016ರಲ್ಲಿ ಬಂದ 2.0 ಆವೃತ್ತಿ ಈ ಕುಟುಂಬದ ಎಲ್ಲ ಫಂಕ್ಷನ್‌ಗಳನ್ನೂ ನೋಡ್‌ನ ಸಾಮಾನ್ಯ ಪದ್ಧತಿಗೆ ತಂದಿತು: ಮೊದಲ ಆರ್ಗ್ಯುಮೆಂಟ್ ಎರರ್, ಎರಡನೆಯದು ಉತ್ತರ. ಸರಿಯಾದ ಬದಲಾವಣೆಯೇ. ಆದರೆ ಹಳೆಯ ಸಾಲು ಹೊಸ ಆವೃತ್ತಿಯಲ್ಲೂ ಸಿಂಟ್ಯಾಕ್ಸ್ ಎರರ್ ಇಲ್ಲದೆ ಓಡುತ್ತದೆ.

ಓಡಿದಾಗ ಆಗುವುದನ್ನು ನೋಡಿ. ಫೈಲ್ ಇದ್ದರೆ ಎಕ್ಸಿಸ್ಟ್ಸ್ ಕೊಡುವ ಟ್ರೂ ಮೊದಲ ಆರ್ಗ್ಯುಮೆಂಟ್ ಆಗಿ ಬರುತ್ತದೆ, ಲೈಬ್ರರಿ ಅದನ್ನು ಎರರ್ ಎಂದು ಓದಿ ಅಲ್ಲಿಗೇ ನಿಲ್ಲಿಸುತ್ತದೆ. ಅಂತಿಮ ಕಾಲ್‌ಬ್ಯಾಕ್‌ನಲ್ಲಿ ಎರರ್‌ನ ಮೌಲ್ಯ ಟ್ರೂ, ಫಲಿತಾಂಶ ಅನ್‌ಡಿಫೈನ್ಡ್. ಫೈಲ್ ಇಲ್ಲದಿದ್ದರೆ ಬರುವ ಫಾಲ್ಸ್ ಅನ್ನು 2ನೆಯ ಸರಣಿ ‘ಎರರ್ ಇಲ್ಲ’ ಎಂದು ಓದುತ್ತದೆ, ಎರಡನೆಯ ಆರ್ಗ್ಯುಮೆಂಟ್ ಬಂದೇ ಇಲ್ಲವಾದ್ದರಿಂದ ಉತ್ತರವನ್ನು ಇಲ್ಲ ಎಂದು ಹಿಡಿಯುತ್ತದೆ. ಒಟ್ಟಿನಲ್ಲಿ ಎಲ್ಲ ಫೈಲ್‌ಗಳೂ ಕಾಣೆಯಾಗಿದ್ದಾಗ ಕೋಡ್ ಸುಸೂತ್ರವಾಗಿ ನಡೆದು ಖಾಲಿ ಪಟ್ಟಿ ಕೊಡುತ್ತದೆ, ಒಂದೇ ಒಂದು ಫೈಲ್ ಇದ್ದರೂ ಎರರ್ ಎಂದು ಬಿದ್ದುಹೋಗುತ್ತದೆ. ಇದ್ದರೆ ಕಷ್ಟ, ಇಲ್ಲದಿದ್ದರೆ ಸುಖ ಎನ್ನುವ ವೇದಾಂತ ಫೈಲ್ ವ್ಯವಸ್ಥೆಯಲ್ಲಿ ನಡೆಯುವುದಿಲ್ಲವಾದ್ದರಿಂದ, ಈ ತಲೆಕೆಳಗಾದ ವರ್ತನೆ ಕಂಡಾಗ ಆವೃತ್ತಿಯ ಮೇಲೆ ಅನುಮಾನ ಬರಬೇಕು.

2019ರ 3ನೆಯ ಸರಣಿಯಲ್ಲಿ ಇದಕ್ಕೆ ಇನ್ನೊಂದು ತಿರುವು ಸಿಕ್ಕಿತು. ಅಲ್ಲಿ ಎರರ್‌ನ ಜಾಗದಲ್ಲಿ ಫಾಲ್ಸ್ ಕೊಟ್ಟರೆ ಅದಕ್ಕೆ ವಿಶೇಷ ಅರ್ಥವಿದೆ: ಇಡೀ ಕೆಲಸವನ್ನು ರದ್ದು ಮಾಡು, ಅಂತಿಮ ಕಾಲ್‌ಬ್ಯಾಕನ್ನು ಕರೆಯಲೂ ಬೇಡ. ಆದ್ದರಿಂದ ಅದೇ ಹಳೆಯ ಸಾಲು 3ನೆಯ ಸರಣಿಯಲ್ಲಿ, ಇದ್ದ ಫೈಲ್‌ನ ಉತ್ತರ ಮೊದಲು ಬಂದರೆ ಟ್ರೂ ಎಂಬ ಎರರ್ ಕೊಡುತ್ತದೆ, ಇಲ್ಲದ ಫೈಲ್‌ನ ಉತ್ತರ ಮೊದಲು ಬಂದರೆ ಸದ್ದಿಲ್ಲದೆ ನಿಂತುಬಿಡುತ್ತದೆ. ಎರಡು ಫೈಲ್‌ಗಳಲ್ಲಿ ಯಾವುದರ ಉತ್ತರ ಮುಂಚೆ ಬರುತ್ತದೆ ಎಂಬುದು ಡಿಸ್ಕಿನ ಮರ್ಜಿ. ಒಂದೇ ಕೋಡ್, ಒಂದೇ ಫೋಲ್ಡರ್, ಬೆಳಿಗ್ಗೆ ಒಂದು ಫಲಿತಾಂಶ, ಮಧ್ಯಾಹ್ನ ಇನ್ನೊಂದು.

ಪರಿಶೀಲನೆಯ ಕ್ರಮ ಹೀಗಿರಲಿ. ಅಂತಿಮ ಕಾಲ್‌ಬ್ಯಾಕ್‌ನ ಮೊದಲ ಸಾಲಿನಲ್ಲೇ ಎರರ್‌ನ ಮೌಲ್ಯವನ್ನೂ ಅದರ ಟೈಪನ್ನೂ ಮುದ್ರಿಸಿ. ಎರರ್ ಬೂಲಿಯನ್ ಆಗಿದ್ದರೆ ಹಳೆಯ ಶೈಲಿಯ ಪರೀಕ್ಷಕ ಫಂಕ್ಷನ್ ಹೊಸ ಲೈಬ್ರರಿಯ ಕೈಗೆ ಸಿಕ್ಕಿದೆ. ಎರರ್‌ನ ಜಾಗದಲ್ಲಿ ಒಂದು ಅರೇ ಬಂದಿದ್ದರೆ ಇದರ ತಿರುಗುಮುರುಗು: ಹೊಸ ಶೈಲಿಯಲ್ಲಿ ಬರೆದ ಕೋಡ್ 1ನೆಯ ಸರಣಿಯ ಲೈಬ್ರರಿಯ ಮೇಲೆ ಓಡುತ್ತಿದೆ, ಅಲ್ಲಿ ಫಿಲ್ಟರ್ ಅಂತಿಮ ಕಾಲ್‌ಬ್ಯಾಕ್‌ಗೆ ಕೊಡುವುದು ಫಲಿತಾಂಶದ ಪಟ್ಟಿಯನ್ನು ಮಾತ್ರ, ಅದೂ ಬಹುಪಾಲು ಖಾಲಿ ಪಟ್ಟಿಯೇ, ಏಕೆಂದರೆ ಪರೀಕ್ಷಕ ಫಂಕ್ಷನ್ ಎರರ್‌ನ ಸ್ಥಾನದಲ್ಲಿ ಕೊಟ್ಟ ನಲ್ (ಏನೂ ಇಲ್ಲ ಎಂಬ ಮೌಲ್ಯ) ಅನ್ನು ಆ ಲೈಬ್ರರಿ ‘ಇಲ್ಲ’ ಎಂದು ಓದಿರುತ್ತದೆ. ನಂತರ, ಪ್ರಾಜೆಕ್ಟ್‌ನಲ್ಲಿರುವ ಪ್ಯಾಕೇಜುಗಳನ್ನು ಪಟ್ಟಿ ಮಾಡುವ ಎನ್‌ಪಿಎಂ ಎಲ್‌ಎಸ್ ಆದೇಶಕ್ಕೆ ಲೈಬ್ರರಿಯ ಹೆಸರು ಕೊಟ್ಟು ಯಾವ ಯಾವ ಆವೃತ್ತಿಗಳು ಕುಳಿತಿವೆ ಎಂದು ನೋಡಿ. ಬೇರೆ ಪ್ಯಾಕೇಜುಗಳ ಬೆನ್ನೇರಿ ಒಂದೇ ಪ್ರಾಜೆಕ್ಟ್‌ನಲ್ಲಿ ಮೂರು ಆವೃತ್ತಿಗಳು ಬಂದಿರುವುದು ಅಪರೂಪವಲ್ಲ. ಆದರೆ ನಿಮ್ಮ ಫೈಲ್ ತರಿಸಿಕೊಳ್ಳುತ್ತಿರುವುದು ಯಾವುದನ್ನು ಎಂಬುದಷ್ಟೇ ಇಲ್ಲಿ ಮುಖ್ಯ.

ತಿದ್ದುವಾಗ ಎಕ್ಸಿಸ್ಟ್ಸ್ ತೆಗೆದು ಆ ಜಾಗಕ್ಕೆ ಎಫ್‌ಎಸ್ ಆಕ್ಸೆಸ್ ಹಾಕಿದರೆ ಸಾಲದು. ಆಕ್ಸೆಸ್ ಎರರ್-ಮೊದಲು ಪದ್ಧತಿಯದೇ ಆದರೂ ಅದು ‘ಹೌದು’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಫೈಲ್ ಇದ್ದರೆ ಎರರ್ ಇಲ್ಲದೆ ಸುಮ್ಮನೆ ಮುಗಿಯುತ್ತದೆ, ಇಲ್ಲದಿದ್ದರೆ ಎರರ್ ಕೊಡುತ್ತದೆ. ಆದ್ದರಿಂದ ನಡುವೆ ಒಂದು ಸಣ್ಣ ಫಂಕ್ಷನ್ ಬರೆದು, ಎರರ್ ಇಲ್ಲದಿದ್ದರೆ ಕಾಲ್‌ಬ್ಯಾಕ್‌ಗೆ ನಲ್ ಮತ್ತು ಟ್ರೂ, ಇನೋಎಂಟ್ ಆದರೆ ನಲ್ ಮತ್ತು ಫಾಲ್ಸ್, ಬೇರೆ ಏನಾದರೂ ಆದರೆ ಆ ಎರರನ್ನೇ ಕೊಡಬೇಕು. ಎಕ್ಸಿಸ್ಟ್ಸ್‌ನ ಕಾಲ್‌ಬ್ಯಾಕ್ ರೂಪವನ್ನು ನೋಡ್ ತಂಡವೇ ಬಳಕೆಯಿಂದ ಕೈಬಿಡಬೇಕಾದದ್ದು ಎಂದು ಗುರುತಿಸಿ ಬಹಳ ಕಾಲವಾಯಿತು. ಎಕ್ಸಿಸ್ಟ್ಸ್‌ಸಿಂಕ್ ಮಾತ್ರ ಉಳಿದಿದೆ. ಅಂದಹಾಗೆ, ಫೈಲ್ ಅನ್ನು ಮುಂದಿನ ಸಾಲಿನಲ್ಲೇ ತೆರೆಯುವುದಿದ್ದರೆ ಇದೆಯೆ ಎಂದು ಮೊದಲು ಕೇಳುವುದೇ ವ್ಯರ್ಥ, ಏಕೆಂದರೆ ಕೇಳಿದ್ದಕ್ಕೂ ತೆರೆಯುವುದಕ್ಕೂ ನಡುವೆ ಬೇರೆ ಪ್ರಕ್ರಿಯೆ ಅದನ್ನು ಅಳಿಸಿರಬಹುದು. ನೇರವಾಗಿ ತೆರೆದು ಎರರ್ ಬಂದರೆ ನಿಭಾಯಿಸುವುದು ಲೇಸು.

ಉತ್ತರವೇ ಬಾರದಿದ್ದರೆ

ಸರ್ವರ್‌ನಲ್ಲಾದರೆ ವಿನಂತಿ ಸುತ್ತುತ್ತಲೇ ಇರುತ್ತದೆ. ಸ್ಕ್ರಿಪ್ಟ್‌ನಲ್ಲಾದರೆ ಇನ್ನೂ ಗೊಂದಲ: ಕಾಯಲು ಯಾವ ಕೆಲಸವೂ ಉಳಿಯದ್ದರಿಂದ ನೋಡ್ ಏನನ್ನೂ ಹೇಳದೆ, ನಿರ್ಗಮನ ಸಂಕೇತ 0 ಕೊಟ್ಟು ಮುಗಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಯಶಸ್ಸೆಂದೇ ಕಾಣುತ್ತದೆ. ಮಾಡ್ಯೂಲ್‌ನ ಮೇಲ್ಮಟ್ಟದಲ್ಲಿ ಅವೇಟ್ ಬಳಸಿದ್ದರೆ ಮಾತ್ರ ಸಂಕೇತ 13 ಬರುತ್ತದೆ, ಅದು ‘ಕಾಯುತ್ತಿದ್ದ ಪ್ರಾಮಿಸ್ ಮುಗಿಯಲೇ ಇಲ್ಲ’ ಎಂಬುದರ ಗುರುತು.

ಯಾವ ಅಂಶದ ಉತ್ತರ ಬಂದಿಲ್ಲ ಎಂದು ಹಿಡಿಯಲು ನಾನು ಮಾಡುವುದು ಇಷ್ಟು. ಒಂದು ಸೆಟ್ ಇಟ್ಟುಕೊಂಡು, ಪರೀಕ್ಷಕ ಫಂಕ್ಷನ್ ಆರಂಭವಾಗುವಾಗ ಪುಟದ ಹೆಸರನ್ನು ಅದಕ್ಕೆ ಸೇರಿಸಿ, ಕಾಲ್‌ಬ್ಯಾಕ್ ಕರೆಯುವಾಗ ತೆಗೆದು, ಪ್ರಕ್ರಿಯೆಯ ಎಕ್ಸಿಟ್ ಘಟನೆಯಲ್ಲಿ ಉಳಿದದ್ದನ್ನು ಮುದ್ರಿಸುವುದು. ‘ಉಳಿದವು: ಪುಟ-118’ ಎಂದು ಬಂದರೆ ಆ ಒಂದು ಪುಟದ ಹಾದಿಯಲ್ಲಿ ಕಾಲ್‌ಬ್ಯಾಕ್ ಕರೆಯದ ಕವಲು ಇದೆ ಎಂದರ್ಥ, ಇಫ್ ಇದ್ದು ಎಲ್ಸ್ ಇಲ್ಲದ ಕಡೆ ಅದು ಸಿಗುತ್ತದೆ. ಎಲ್ಲ ಹೆಸರುಗಳೂ ಉಳಿದಿದ್ದರೆ ಕಾರಣ ಬೇರೆ.

ಆ ಬೇರೆ ಕಾರಣಗಳಲ್ಲಿ ಒಂದು ಹುಡುಕಲು ಕಷ್ಟ. ಅಸಿಂಕ್ ಲೈಬ್ರರಿಯ ಈಚಿನ ಆವೃತ್ತಿಗಳು ಪರೀಕ್ಷಕ ಫಂಕ್ಷನ್ ಅಸಿಂಕ್ ಪದದಿಂದ ಬರೆದದ್ದೋ ಅಲ್ಲವೋ ಎಂದು ಗುರುತಿಸುತ್ತವೆ. ಹೌದಾದರೆ ಕಾಲ್‌ಬ್ಯಾಕ್ ಕೊಡುವುದೇ ಇಲ್ಲ, ಮರಳಿ ಬಂದ ಪ್ರಾಮಿಸ್‌ಗೆ ಕಾಯುತ್ತವೆ. ಆದರೆ ಬೇಬಲ್ ಅಥವಾ ಟೈಪ್‌ಸ್ಕ್ರಿಪ್ಟ್ ನಿಮ್ಮ ಕೋಡನ್ನು 2017ಕ್ಕಿಂತ ಹಳೆಯ ಗುರಿಗೆ ಇಳಿಸುತ್ತಿದ್ದರೆ, ಅಸಿಂಕ್ ಫಂಕ್ಷನ್ ಸಾಮಾನ್ಯ ಫಂಕ್ಷನ್ನಿನ ವೇಷದಲ್ಲಿ ಹೊರಬರುತ್ತದೆ. ಲೈಬ್ರರಿಗೆ ಗುರುತು ಸಿಗುವುದಿಲ್ಲ, ಅದು ಕಾಲ್‌ಬ್ಯಾಕ್ ಕೊಟ್ಟು ಕಾಯುತ್ತದೆ, ಫಂಕ್ಷನ್ ಪ್ರಾಮಿಸ್ ಮರಳಿಸಿ ತನ್ನ ಕರ್ತವ್ಯ ಮುಗಿಯಿತೆಂದು ಕೂರುತ್ತದೆ. ಕಂಪೈಲ್ ಗುರಿಯನ್ನು ಮೇಲೇರಿಸಿ, ಅದು ಆಗದಿದ್ದರೆ ಲೈಬ್ರರಿಯ ಅಸಿಂಕಿಫೈ ಫಂಕ್ಷನ್ನಿನಲ್ಲಿ ಸುತ್ತಿ ಕೊಡಿ. ಇದರ ವಿರುದ್ಧದ ತಪ್ಪು, ಎಂದರೆ ನಿಜವಾದ ಅಸಿಂಕ್ ಫಂಕ್ಷನ್ನಿನೊಳಗೆ ಕಾಲ್‌ಬ್ಯಾಕನ್ನೂ ಕರೆಯುವುದು, ‘ಕಾಲ್‌ಬ್ಯಾಕ್ ಎಂಬುದು ಫಂಕ್ಷನ್ ಅಲ್ಲ’ ಎಂಬ ಟೈಪ್ ಎರರ್ ಕೊಟ್ಟು ಕೂಡಲೇ ಸಿಕ್ಕಿಬೀಳುತ್ತದೆ.

ಉತ್ತರ ಎರಡು ಸಲ ಬಂದರೆ

ಲೈಬ್ರರಿ ಇದನ್ನು ‘ಕಾಲ್‌ಬ್ಯಾಕ್ ಈಗಾಗಲೇ ಕರೆಯಲಾಗಿದೆ’ ಎಂಬ ಅರ್ಥದ ಎರರ್ ಎಸೆದು ತಾನೇ ಹೇಳುತ್ತದೆ. ಸಾಮಾನ್ಯ ಕಾರಣ, ಎರರ್ ಇದ್ದಾಗ ಕಾಲ್‌ಬ್ಯಾಕ್ ಕರೆದು ರಿಟರ್ನ್ ಬರೆಯಲು ಮರೆತು, ಕೆಳಗಿನ ಸಾಲಿಗೂ ಇಳಿದುಹೋಗುವುದು. ಟ್ರೈ ಒಳಗೆ ಕಾಲ್‌ಬ್ಯಾಕ್ ಕರೆದು, ಕ್ಯಾಚ್‌ನಲ್ಲೂ ಕಾಲ್‌ಬ್ಯಾಕ್ ಕರೆಯುವುದು ಇದಕ್ಕಿಂತ ಕೆಟ್ಟದ್ದು: ಮುಂದೆ ಎಲ್ಲೋ ನಿಮ್ಮ ಅಂತಿಮ ಕಾಲ್‌ಬ್ಯಾಕ್‌ನಲ್ಲಿ ಎರರ್ ಎಸೆದರೆ ಅದು ಹಿಂದಕ್ಕೆ ಬಂದು ಈ ಕ್ಯಾಚ್‌ಗೆ ಬೀಳುತ್ತದೆ, ಕ್ಯಾಚ್ ಎರಡನೆಯ ಸಲ ಕಾಲ್‌ಬ್ಯಾಕ್ ಕರೆಯುತ್ತದೆ, ಕೊನೆಗೆ ಪರದೆಯ ಮೇಲೆ ಕಾಣುವುದು ಎರಡನೆಯ ಎರರ್ ಮಾತ್ರ. ನಿಜವಾದ ಎರರ್ ಹೂತುಹೋಗಿರುತ್ತದೆ. ಟ್ರೈ ಒಳಗೆ ಲೆಕ್ಕ ಮಾತ್ರ ಇರಲಿ, ಕಾಲ್‌ಬ್ಯಾಕ್ ಹೊರಗಿರಲಿ.

ಉತ್ತರ ಬಂದಿದೆ, ಆದರೆ ಬೇರೆ ಅಂಶದ್ದು

ಮೊದಲು ತೇರ್ಗಡೆಯಾಗುವ ಅಂಶ ಬೇಕೆಂದು ಲೈಬ್ರರಿಯ ಡಿಟೆಕ್ಟ್ ಕರೆದಾಗ, ‘ಮೊದಲು’ ಎಂದರೆ ಪಟ್ಟಿಯ ಕ್ರಮದಲ್ಲಲ್ಲ, ಗಡಿಯಾರದ ಕ್ರಮದಲ್ಲಿ. ಮೂರು ಅಂಶಗಳೂ ತೇರ್ಗಡೆಯಾಗುವಂಥವೇ ಇದ್ದು ಅವುಗಳ ಪರೀಕ್ಷೆಗೆ 300, 100, 200 ಮಿಲಿಸೆಕೆಂಡ್ ಹಿಡಿದರೆ ಡಿಟೆಕ್ಟ್ ಕೊಡುವುದು ಎರಡನೆಯದನ್ನು. ಪಟ್ಟಿಯ ಕ್ರಮವೇ ಬೇಕಿದ್ದರೆ ಡಿಟೆಕ್ಟ್‌ಸೀರೀಸ್ ಬಳಸಬೇಕು. ಫಿಲ್ಟರ್‌ಗೆ ಈ ತೊಂದರೆ ಇಲ್ಲ, ಅದು ಮೂಲ ಕ್ರಮವನ್ನು ಕಾಪಾಡುತ್ತದೆ.

ಇದರ ಪಕ್ಕದ್ದೇ ಇನ್ನೊಂದು: ಎವ್ರಿಯ ಅಂತಿಮ ಕಾಲ್‌ಬ್ಯಾಕ್ ಮೊದಲ ‘ಇಲ್ಲ’ ಬಂದ ಕೂಡಲೇ ಓಡುತ್ತದೆ, ಆದರೆ ಆಗಲೇ ಆರಂಭವಾದ ಉಳಿದ ಪರೀಕ್ಷೆಗಳು ನಿಲ್ಲುವುದಿಲ್ಲ. ಅಂತಿಮ ಕಾಲ್‌ಬ್ಯಾಕ್‌ನಲ್ಲಿ ತಾತ್ಕಾಲಿಕ ಫೋಲ್ಡರನ್ನು ಅಳಿಸಿದರೆ ಅಥವಾ ಡೇಟಾಬೇಸ್ ಸಂಪರ್ಕ ಮುಚ್ಚಿದರೆ, ಹಿಂದೆ ಉಳಿದವು ಕಾಲ ಕೆಳಗಿನ ನೆಲ ಹೋದಂತೆ ಒಂದೊಂದಾಗಿ ಎರರ್ ಎಸೆಯುತ್ತವೆ.

ದೊಡ್ಡ ಪಟ್ಟಿಯಲ್ಲಿ ಮಾತ್ರ ಕೆಟ್ಟರೆ

ಗಾತ್ರ ನೋಡಿದರೆ ಸಾಲದು ಎಂದು ನಾನು ಆಮೇಲೆ ಪರೀಕ್ಷೆಯನ್ನು ಬಿಗಿ ಮಾಡಿದೆ: ಪ್ರತಿ ಫೈಲನ್ನು ತೆರೆದು ಮೊದಲ ಎರಡು ಬೈಟ್ ಓದಿ, ಅವು ಜೆಪಿಇಜಿ ಚಿತ್ರಕ್ಕೆ ಇರಬೇಕಾದಂತೆ ಎಫ್‌ಎಫ್ ಮತ್ತು ಡಿ8 ಆಗಿವೆಯೆ ಎಂದು ನೋಡುವುದು. ಒಂದು ಪುಸ್ತಕಕ್ಕೆ ಸರಿಹೋಯಿತು, ಇಡೀ ಸಂಗ್ರಹದ ಪಟ್ಟಿ ಕೊಟ್ಟಾಗ ಇಎಂಫೈಲ್ ಎಂಬ ಎರರ್ ಬಂತು, ಎಂದರೆ ಏಕಕಾಲಕ್ಕೆ ತೆರೆದಿಡಬಹುದಾದ ಫೈಲ್‌ಗಳ ಮಿತಿ ದಾಟಿದೆ. ಹಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ಒಂದು ಪ್ರಕ್ರಿಯೆಗೆ ಆ ಮಿತಿಯ ಆರಂಭಿಕ ಮೌಲ್ಯ 1024. ಸ್ಟ್ಯಾಟ್ ಫೈಲನ್ನು ತೆರೆದು ಹಿಡಿದುಕೊಳ್ಳುವುದಿಲ್ಲವಾದ್ದರಿಂದ ಹಳೆಯ ಪರೀಕ್ಷೆಗೆ ಈ ತೊಂದರೆ ಬಂದಿರಲಿಲ್ಲ.

ಲೈಬ್ರರಿಯಲ್ಲಿ ಪ್ರತಿ ಪರೀಕ್ಷೆಗೂ ಲಿಮಿಟ್ ರೂಪವಿದೆ. ಎವ್ರಿಲಿಮಿಟ್‌ಗೆ 10 ಎಂದು ಕೊಟ್ಟರೆ ಹತ್ತಕ್ಕಿಂತ ಹೆಚ್ಚು ಪರೀಕ್ಷೆಗಳು ಒಟ್ಟಿಗೆ ನಡೆಯುವುದಿಲ್ಲ. ಈ ಸಂಖ್ಯೆಯನ್ನು ನೂರು, ಇನ್ನೂರಕ್ಕೆ ಏರಿಸಿ ವೇಗ ನಿರೀಕ್ಷಿಸುವುದು ವ್ಯರ್ಥ. ನೋಡ್‌ನ ಫೈಲ್ ಕೆಲಸಗಳು ನಡೆಯುವುದು ಅದರೊಳಗಿನ ಲೈಬ್ರರಿಯಾದ ಲಿಬ್‌ಯುವಿಯ ಥ್ರೆಡ್ ಪೂಲ್‌ನಲ್ಲಿ (ಕೆಲಸ ಹಂಚಿಕೊಳ್ಳುವ ಎಳೆಗಳ ಗುಂಪಿನಲ್ಲಿ), ಅದರಲ್ಲಿ ಬೇರೆ ಹೇಳದಿದ್ದರೆ ಇರುವುದು 4 ಥ್ರೆಡ್‌ಗಳು. ನಾಲ್ಕು ಕೌಂಟರ್‌ಗಳ ಮುಂದೆ ಸಾಲನ್ನು ಎಷ್ಟು ಉದ್ದ ಮಾಡಿದರೂ ಟಿಕೆಟ್ ಬೇಗ ಸಿಗುವುದಿಲ್ಲ.

ತಿದ್ದಿದ ಮೇಲೆ

ಮೂರು ಪಟ್ಟಿಗಳ ಮೇಲೆ ಓಡಿಸಿ ನೋಡಿ: ಖಾಲಿ ಪಟ್ಟಿ, ಎಲ್ಲವೂ ಸರಿಯಿರುವ ಐದು ಫೈಲ್‌ಗಳ ಪಟ್ಟಿ, ಮತ್ತು ಅದೇ ಐದರ ನಡುವೆ ಒಂದು ಇಲ್ಲದ ಹೆಸರನ್ನು ತುರುಕಿದ ಪಟ್ಟಿ. ಇಲ್ಲದ ಹೆಸರು ಮೊದಲನೆಯದಾಗಲೀ ಕೊನೆಯದಾಗಲೀ ಆಗಬಾರದು, ನಡುವೆಯೇ ಇರಬೇಕು; ತುದಿಗಳಲ್ಲಿ ಇಟ್ಟರೆ ಕೆಲವು ತಪ್ಪುಗಳು ಆಕಸ್ಮಿಕವಾಗಿ ಸರಿಯುತ್ತರ ಕೊಟ್ಟುಬಿಡುತ್ತವೆ. ಖಾಲಿ ಪಟ್ಟಿಗೆ ಎವ್ರಿ ಟ್ರೂ ಎನ್ನುವುದು ನಿಮ್ಮ ಕೆಲಸಕ್ಕೆ ಒಗ್ಗದಿದ್ದರೆ, ಉದ್ದದ ತಪಾಸಣೆಯನ್ನು ಅದಕ್ಕೂ ಮುಂಚೆ ಬೇರೆಯಾಗಿ ಬರೆಯಬೇಕು. ಪುಟಗಳೇ ಇಲ್ಲದ ಪುಸ್ತಕಕ್ಕೆ ಪಿಡಿಎಫ್ ಮಾಡಲು ಹೊರಡುವುದು ನನಗೆ ಬೇಡವಾಗಿತ್ತು, ಹಾಗಾಗಿ ಬರೆದೆ.

ಆ 312 ಪುಟಗಳ ಪುಸ್ತಕದ ಮೇಲೆ ತಿದ್ದಿದ ಸ್ಕ್ರಿಪ್ಟ್ ಓಡಿಸಿದಾಗ ಅದು 47ರಲ್ಲಿ ನಿಂತಿತು. ಆ ಪುಟವನ್ನು ಮತ್ತೆ ಸ್ಕ್ಯಾನ್ ಮಾಡಿ ಹಾಕಿ ಎರಡನೆಯ ಸಲ ಓಡಿಸಿದಾಗ 212ರಲ್ಲಿ ನಿಂತಿತು. ಆ ಫೈಲ್ ಇತ್ತು. ಅದರ ಗಾತ್ರ 0 ಬೈಟ್.